ಹೊಟ್ಟಿಗೆ ದಾರಿ ಬಿಟ್ಟ ಬೈರಿಗೆ

ಬೋಸ್ಟನ್ ಬಂದರಿನಲ್ಲಿ ಇಂದಿಗೂ ತೇಲುತ್ತಿರುವ ‘ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್’ ಯುದ್ಧನೌಕೆ ನೀರಿಗಿಳಿದದ್ದು 1797ರಲ್ಲಿ. ಅದರ ಒಡಲು ಕೆಲವೆಡೆ 21 ಅಂಗುಲ ದಪ್ಪ. ಒಳಗೂ ಹೊರಗೂ ಓಕ್ ಹಲಗೆ, ನಡುವೆ ಅದಕ್ಕಿಂತಲೂ ಗಟ್ಟಿಯಾದ ಲೈವ್ ಓಕ್ ಮರದ ತೊಲೆಗಳು. ಇಷ್ಟೆಲ್ಲ ಮರವನ್ನು ಒಂದಕ್ಕೊಂದು ಬಿಗಿದಿಡುವುದು ತಾಮ್ರದ ಬೋಲ್ಟು ಮತ್ತು ಮರದ ಗೂಟಗಳ ಕೆಲಸ. ಪ್ರತಿ ಬೋಲ್ಟಿಗೂ ಪ್ರತಿ ಗೂಟಕ್ಕೂ ಮೊದಲು ತೂತು ಬೇಕು. ಗಟ್ಟಿಮರದೊಳಗೆ ಮೊಳದುದ್ದದ ತೂತು, ಅದೂ ನೆಟ್ಟಗೆ, ಕೈಬಲದಿಂದಲೇ.

ಇಂಥ ತೂತಿನಲ್ಲಿ ಮರವನ್ನು ಕೊರೆಯುವುದಕ್ಕಿಂತ ಕೊರೆದದ್ದನ್ನು ಹೊರಗೆ ತರುವುದು ಕಷ್ಟ. ಒಂದೆರಡು ಅಂಗುಲ ಇಳಿಯುವ ತನಕ ಹೊಟ್ಟು ತಾನಾಗಿ ಹೊರಬೀಳುತ್ತದೆ. ಆಮೇಲೆ ಅದು ಅಲಗಿನ ಸುತ್ತ ತುಂಬಿಕೊಂಡು, ಒತ್ತಿ ಗಟ್ಟಿಯಾಗಿ, ಬೈರಿಗೆಯನ್ನೇ ಕಚ್ಚಿ ಹಿಡಿಯುತ್ತದೆ. ಆಗರ್ ಬಿಟ್ ಎಂದು ಕರೆಯುವ ಸುರುಳಿ ಬೈರಿಗೆಯ ಚರಿತ್ರೆ ಈ ಹೊಟ್ಟಿಗೆ ದಾರಿ ಹುಡುಕಿದ ಚರಿತ್ರೆ.

ಯುರೋಪಿನಲ್ಲಿ ಶತಮಾನಗಳ ಕಾಲ ನಡೆದದ್ದು ಚಮಚದ ಆಕಾರದ ಬೈರಿಗೆ. 1936ರಲ್ಲಿ ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದ ಮೇಸ್ಟರ್‌ಮೀರ್ ಎಂಬಲ್ಲಿ ಹೊಲ ಉಳುವಾಗ ವೈಕಿಂಗ್ ಕಾಲದ ಉಪಕರಣಗಳ ಪೆಟ್ಟಿಗೆಯೊಂದು ಸಿಕ್ಕಿತು. ಅದರೊಳಗೆ ಇಂಥ ಚಮಚ ಬೈರಿಗೆಗಳಿದ್ದವು. ಹನ್ನೊಂದನೇ ಶತಮಾನದ ಬಾಯೂ ಕಸೂತಿಪಟದಲ್ಲಿ ಹಡಗು ಕಟ್ಟುವ ದೃಶ್ಯವಿದೆ. ಅಲ್ಲೊಬ್ಬ ಬಡಗಿ ಬೈರಿಗೆಯ ತಲೆಯನ್ನು ಎದೆಗೆ ಆನಿಸಿಕೊಂಡು ತಿರುಗಿಸುತ್ತಿದ್ದಾನೆ. ಚಮಚದ ಗುಳಿ ತುಂಬಿತೆಂದರೆ ಬೈರಿಗೆಯನ್ನು ಹೊರಗೆಳೆದು, ಹೊಟ್ಟು ಕೊಡವಿ, ಮತ್ತೆ ಇಳಿಸಬೇಕು. ಭಾವಿಯಿಂದ ನೀರು ಸೇದಿದ ಹಾಗೆ, ಆಳ ಹೆಚ್ಚಿದಷ್ಟೂ ದುಡಿಮೆ ಹೆಚ್ಚು.

ಬೈರಿಗೆಯ ಮೈಯನ್ನೇ ಸುರುಳಿ ಮಾಡಿದರೆ ತಿರುಗುವಾಗಲೇ ಹೊಟ್ಟು ಮೇಲೇರಿ ಬರುತ್ತದೆ ಎಂಬ ಯೋಚನೆ ಇಂಗ್ಲೆಂಡಿನಲ್ಲಿ ರೂಪ ತಳೆದದ್ದು 1770ರ ಸುಮಾರಿಗೆ. ಅದರ ಶ್ರೇಯ ಫಿನಿಯಸ್ ಕುಕ್ ಎಂಬವನಿಗೆ ಸಲ್ಲುತ್ತದೆ. ಮುಂದಿನ ಕಥೆ ನಡೆದದ್ದು ಅಮೆರಿಕದ ಕನೆಕ್ಟಿಕಟ್ ನದಿಯ ಕೆಳದಂಡೆಯಲ್ಲಿ. ಹಡಗು ಕಟ್ಟುವ ಆ ಸೀಮೆಯ ಸೇಬ್ರೂಕ್ ಪಟ್ಟಣದ ಎಜ್ರಾ ಲಾಮಡ್ಯೂ 1809ರಲ್ಲಿ ಜೋಡಿ ಸುರುಳಿಯ, ನಡುವೆ ಸ್ಕ್ರೂ ಇರುವ ಬೈರಿಗೆಗೆ ಪೇಟೆಂಟ್ ಪಡೆದ. ಅದೇ ಸೇಬ್ರೂಕಿಗೆ ಸೇರಿದ ಡೀಪ್ ರಿವರ್ ಎಂಬ ಊರಿನ ರಸೆಲ್ ಜೆನಿಂಗ್ಸ್‌ಗೆ 1855ರಲ್ಲಿ ಪೇಟೆಂಟ್ ದೊರೆಯಿತು. ಅವನ ಹೆಸರು ಇವತ್ತಿಗೂ ಬಡಗಿಗಳ ಬಾಯಲ್ಲಿದೆ: ಜೋಡಿ ಸುರುಳಿಯ ಬಿಟ್ಟುಗಳಿಗೆಲ್ಲ ‘ಜೆನಿಂಗ್ಸ್ ಮಾದರಿ’ ಎಂದೇ ಹೆಸರು.

ಆಗರ್ ಬಿಟ್ಟಿನ ಮೂತಿಯನ್ನು ಹತ್ತಿರದಿಂದ ನೋಡಬೇಕು. ನಟ್ಟನಡುವೆ ಮೊನಚಾದ ಪುಟ್ಟ ಸ್ಕ್ರೂ. ಗುರುತು ಮಾಡಿದ ಜಾಗಕ್ಕೆ ಮೊದಲು ಚುಚ್ಚಿಕೊಳ್ಳುವುದು ಅದೇ. ಚುಚ್ಚಿಕೊಂಡ ಮೇಲೆ ಇಡೀ ಬಿಟ್ಟನ್ನು ಮರದೊಳಕ್ಕೆ ಎಳೆದುಕೊಂಡು ಹೋಗುವುದೂ ಅದೇ. ಹರಿತವಾಗಿದ್ದರೆ ಕೆಲಸಗಾರ ಮೈಭಾರ ಹಾಕಿ ಒತ್ತಬೇಕಾಗಿಲ್ಲ, ತಿರುಗಿಸಿದರೆ ಸಾಕು. ಮೂತಿಯ ಅಂಚಿನಲ್ಲಿ ಎದುರುಬದುರಾಗಿ ಎರಡು ಚೂಪು ಹಲ್ಲುಗಳಿರುತ್ತವೆ. ಅವು ತೂತಿನ ಸುತ್ತಳತೆಯನ್ನು ಮೊದಲೇ ಗೀರಿ ಮರದ ನಾರುಗಳನ್ನು ಕತ್ತರಿಸಿಬಿಡುತ್ತವೆ. ಅವುಗಳ ಹಿಂದೆ ಬರುವ ಎರಡು ಅಲಗುಗಳು ಗೆರೆಯೊಳಗಿನ ಮರವನ್ನು ಉಳಿಯಂತೆ ಎಬ್ಬಿಸಿ ಸುರುಳಿಯ ದಾರಿಗೆ ತಳ್ಳುತ್ತವೆ. ನಾರು ಮೊದಲೇ ಕತ್ತರಿಸಿರುವುದರಿಂದ ತೂತಿನ ಬಾಯಿ ಹರಿಯುವುದಿಲ್ಲ. ಆಚೆ ಬದಿ ಮಾತ್ರ ಸಿಬಿರೇಳುವ ಅಪಾಯವಿದೆ. ಅದಕ್ಕೇ ಅನುಭವಸ್ಥರು ಸ್ಕ್ರೂವಿನ ಮೊನೆ ಆಚೆ ಕಂಡೊಡನೆ ನಿಲ್ಲಿಸಿ, ಮರ ಮಗುಚಿ, ಆ ಸಣ್ಣ ರಂಧ್ರವನ್ನೇ ಗುರುತಾಗಿಟ್ಟುಕೊಂಡು ಹಿಂದಿನಿಂದ ಕೊರೆದು ಮುಗಿಸುತ್ತಾರೆ.

ಅಳತೆಯ ಲೆಕ್ಕ ಅಂಗುಲದ ಹದಿನಾರನೇ ಒಂದು ಭಾಗದಲ್ಲಿ. ಹಿಡಿಯ ತುದಿಯ ಮೇಲೆ 4 ಎಂದಿದ್ದರೆ ಕಾಲಂಗುಲ, 16 ಎಂದಿದ್ದರೆ ಒಂದಂಗುಲ. ಕಾಲಂಗುಲದಿಂದ ಒಂದಂಗುಲದವರೆಗಿನ 13 ಬಿಟ್ಟುಗಳ ಪೂರ್ಣ ಪೆಟ್ಟಿಗೆಯನ್ನು ಹಳೆಯ ವ್ಯಾಪಾರಿಗಳು ‘ಮೂವತ್ತೆರಡೂವರೆ ಕ್ವಾರ್ಟರ್’ ಎನ್ನುತ್ತಿದ್ದರು. 4ರಿಂದ 16ರವರೆಗಿನ ಸಂಖ್ಯೆಗಳನ್ನು ಕೂಡಿ, ಮೊತ್ತ 130ನ್ನು ನಾಲ್ಕರಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು!

ಜೆನಿಂಗ್ಸ್ ಬಿಟ್ಟಿನ ತೂತು ಬಲು ನಯ. ಆದರೆ ಎರಡು ಸುರುಳಿಗಳ ನಡುವೆ ಜಾಗ ಕಡಿಮೆ. ಹಸಿ ಮರದಲ್ಲಿ, ಅಂಟುಮರದಲ್ಲಿ ಹೊಟ್ಟು ಕಟ್ಟಿಕೊಳ್ಳುತ್ತದೆ. ಇದಕ್ಕೆ ಉತ್ತರ ಬಂದದ್ದು ಒಹಾಯೋ ರಾಜ್ಯದ ಮಾರ್ಟಿನ್ಸ್‌ವಿಲ್‌ನಿಂದ. ಅಲ್ಲಿ ಔಷಧ ಅಂಗಡಿ ಇಟ್ಟಿದ್ದ ಚಾರ್ಲ್ಸ್ ಇರ್ವಿನ್, ಊರಿನ ಕಮ್ಮಾರನೊಬ್ಬನಿಂದ ಹೊಸ ಬಗೆಯ ಬಿಟ್ಟಿನ ಹಕ್ಕು ಕೊಂಡು 1885ರಲ್ಲಿ ಕಂಪನಿ ಕಟ್ಟಿದ. ಈ ಬಿಟ್ಟಿನ ನಡುವೆ ಗಟ್ಟಿ ಕಂಬಿ, ಅದರ ಸುತ್ತ ಒಂದೇ ಸುರುಳಿ. ದಾರಿ ಅಗಲವಾಯಿತು, ಬಿಟ್ಟು ಬಾಗದಾಯಿತು. ಆಳದ ತೂತಿಗೆ ಈ ಇರ್ವಿನ್ ಮಾದರಿಯೇ ಮೇಲು. ಪೀಠೋಪಕರಣದ ನಯಗೆಲಸಕ್ಕೆ ಜೆನಿಂಗ್ಸ್ ಇರಲಿ.

ಹಡಗುಕಟ್ಟೆಯ ಬೈರಿಗೆಯದು ಬೇರೆಯೇ ಜಾತಿ. ಅದರ ಒಂದು ಬಗೆಯಲ್ಲಿ ಮೂತಿಯ ಸ್ಕ್ರೂವೇ ಇರುವುದಿಲ್ಲ. ಎಳೆದುಕೊಂಡು ಹೋಗುವ ಸ್ಕ್ರೂವನ್ನು ಕೈಬಿಡುವುದೇಕೆ? ಸ್ಕ್ರೂ ನಾರಿನ ಓಟಕ್ಕೆ ಮಣಿಯುತ್ತದೆ. ಎರಡಡಿ ಆಳಕ್ಕೆ ಇಳಿಯುವಷ್ಟರಲ್ಲಿ ಗಂಟು ಸಿಕ್ಕಿದಲ್ಲಿ, ನಾರು ಓರೆಯಾದಲ್ಲಿ ಸ್ಕ್ರೂ ಪಕ್ಕಕ್ಕೆ ಸರಿದು ತೂತನ್ನು ದಾರಿ ತಪ್ಪಿಸುತ್ತದೆ. ಸ್ಕ್ರೂ ಇಲ್ಲದ ಬಿಟ್ಟನ್ನು ಒತ್ತಿ ಹಿಡಿದೇ ಕೊರೆಯಬೇಕು, ಆರಂಭಕ್ಕೆ ಬೇರೊಂದು ಬಿಟ್ಟಿನಿಂದ ಗುಳಿ ಮಾಡಿಕೊಡಬೇಕು. ಆದರೆ ಅದು ಹೊರಟ ದಿಕ್ಕು ಬಿಡುವುದಿಲ್ಲ. ಮರದ ಸ್ವಭಾವ ಬಲ್ಲವರು ಮಾತ್ರ ಮಾಡಬಹುದಾದ ಉಪಾಯವಿದು.

ನಮ್ಮ ಬಡಗಿಗಳ ಕೈಯಲ್ಲಿದ್ದ ಸಾಂಪ್ರದಾಯಿಕ ಬೈರಿಗೆ ಹಗ್ಗದಿಂದಲೋ ಬಿಲ್ಲಿನಿಂದಲೋ ತಿರುಗುವಂಥದು. ಅದು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸುತ್ತುತ್ತದೆ. ಆಗರ್ ಸುರುಳಿ ಅಲ್ಲಿ ಕೆಲಸಕ್ಕೆ ಬಾರದು. ಬಲಸುತ್ತಿನಲ್ಲಿ ಮೇಲೆ ಬಂದ ಹೊಟ್ಟು ಎಡಸುತ್ತಿನಲ್ಲಿ ಕೆಳಗಿಳಿಯುತ್ತದೆ. ಒಂದೇ ದಿಕ್ಕಿಗೆ ಬಿಡದೆ ತಿರುಗುವ ಸಾಧನ ಆಗರ್‌ಗೆ ಬೇಕೇ ಬೇಕು. ಅಡ್ಡಹಿಡಿಯ ಆಗರ್‌ನಲ್ಲಿ ಎರಡು ಕೈಗಳೇ ಆ ಸಾಧನ. ಬಿಟ್ಟಿಗಾದರೆ ಮೊಣಕೈಯಂತೆ ಬಾಗಿದ ಬ್ರೇಸ್ ಎಂಬ ಹಿಡಿ.

ಬಿಟ್ಟು ಹಾಳಾಗುವುದು ಬಳಕೆಯಿಂದಲ್ಲ, ತಪ್ಪು ಸಾಣೆಯಿಂದ. ಅಂಚಿನ ಹಲ್ಲುಗಳನ್ನು ಒಳಮೈಯಲ್ಲಷ್ಟೇ ಅರದಿಂದ ಉಜ್ಜಬೇಕು. ಹೊರಮೈ ಮುಟ್ಟಿದರೆ ಹಲ್ಲು ಗೀರುವ ವೃತ್ತ ಕಿರಿದಾಗಿ, ಹಿಂದೆ ಬರುವ ಬಿಟ್ಟಿನ ಮೈ ತನ್ನದೇ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆಂದೇ ಪ್ರತ್ಯೇಕ ಅರವಿದೆ: ಒಂದು ತುದಿಯಲ್ಲಿ ಅಂಚುಗಳಿಗೆ ಹಲ್ಲಿಲ್ಲ, ಇನ್ನೊಂದು ತುದಿಯಲ್ಲಿ ಮುಖಗಳಿಗೆ ಹಲ್ಲಿಲ್ಲ. ಹಾಗಾಗಿ ಉಜ್ಜಬೇಕಾದದ್ದನ್ನು ಉಜ್ಜುವಾಗ ಪಕ್ಕದ್ದಕ್ಕೆ ಪೆಟ್ಟಾಗುವುದಿಲ್ಲ.

ಇಂದಿನ ವಿದ್ಯುತ್ ಡ್ರಿಲ್ಲಿಗೆ ಹೊಂದುವಂತೆ ಆರು ಮುಖದ ಹಿಡಿಯ ಆಗರ್ ಬಿಟ್ಟುಗಳು ಬರುತ್ತಿವೆ. ಮರದ ಚೌಕಟ್ಟಿನ ಮನೆಗಳಲ್ಲಿ ತಂತಿ ಎಳೆಯುವವರು, ದಿಮ್ಮಿಗಳಿಂದ ಮನೆ ಕಟ್ಟುವವರು ಅವನ್ನೇ ಬಳಸುತ್ತಾರೆ. ಇವನ್ನು ನಿಧಾನ ವೇಗದಲ್ಲೇ ಓಡಿಸಬೇಕು. ಸ್ಕ್ರೂ ಒಮ್ಮೆ ಹಿಡಿದರೆ ಡ್ರಿಲ್ಲನ್ನೂ ಹಿಡಿದ ಕೈಯನ್ನೂ ತಿರುಚಿಬಿಡುವಷ್ಟು ಎಳೆತ ಅದಕ್ಕಿದೆ. ಹಳೆಯ ಬಿಟ್ಟುಗಳ ಚೌಕ ಹಿಡಿಯನ್ನು ಕತ್ತರಿಸಿ ಡ್ರಿಲ್ಲಿಗೆ ಹಾಕುವವರೂ ಇದ್ದಾರೆ. ಇದು ನಿಜಕ್ಕೂ ನೋವಿನ ಸಂಗತಿ. ನೂರು ವರ್ಷ ಹಳೆಯ ಜೆನಿಂಗ್ಸ್ ಬಿಟ್ಟು ನೇರವಾಗಿದ್ದು, ಮೂತಿಯ ಸ್ಕ್ರೂ ಸವೆಯದಿದ್ದರೆ, ಬ್ರೇಸಿಗೆ ಸಿಕ್ಕಿಸಿದ ಕೂಡಲೇ ಕೆಲಸಕ್ಕೆ ನಿಲ್ಲುತ್ತದೆ. ಕೊಳ್ಳುವವರು ಅದನ್ನು ಸಪಾಟು ಮೇಜಿನ ಮೇಲೆ ಉರುಳಿಸಿ ನೋಡಲಿ. ಬಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.