ದಡದ ಗಾಳಕ್ಕೆ ಸಿಗುವ ಕಾಣೆ

ದೋಣಿ ಹತ್ತದೆ, ಮರಳ ಮೇಲೆ ನಿಂತೇ ಅಲೆಯೊಳಗೆ ಗಾಳ ಎಸೆದು ಮೀನು ಹಿಡಿಯುವುದು ಕಾರವಾರದಿಂದ ಉಳ್ಳಾಲದವರೆಗೂ ರೂಢಿಯಲ್ಲಿದೆ. ಸುಮಾರು 300 ಕಿ.ಮೀ. ಉದ್ದದ ಕರ್ನಾಟಕ ಕರಾವಳಿಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ ಅಳಿವೆಗಳ ಆಸುಪಾಸು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ಕಡಲು ಸೇರುವಲ್ಲಿ ಹುಳು, ಸಿಗಡಿಮರಿ ಹೇರಳ. ಅವನ್ನು ತಿನ್ನಲು ಮೀನುಗಳು ದಡದ ತೀರ ಹತ್ತಿರಕ್ಕೆ ಬರುತ್ತವೆ.

ಮೇಲ್ನೋಟಕ್ಕೆ ದಡದ ನೀರೆಲ್ಲ ಒಂದೇ. ಆದರೆ ಅಲೆ ಎಲ್ಲೆಂದರಲ್ಲಿ ಮುರಿಯುವುದಿಲ್ಲ. ತನ್ನ ಎತ್ತರದ ಸುಮಾರು ಒಂದೂಕಾಲು ಪಟ್ಟು ಆಳದ ನೀರಿಗೆ ಬಂದಾಗ ಮುರಿಯುತ್ತದೆ. ಹಾಗಾಗಿ ದೂರದಲ್ಲಿ ನೊರೆಯ ಸಾಲು ಎದ್ದರೆ ಅದರಡಿ ಮರಳ ದಿಬ್ಬವಿದೆ. ಆ ದಿಬ್ಬಕ್ಕೂ ದಡಕ್ಕೂ ನಡುವೆ, ಅಲೆ ಮುರಿಯದೆ ನೀರು ತುಸು ಕಪ್ಪಗೆ ಕಾಣುವ ಪಟ್ಟಿಯೇ ತಗ್ಗು. ಅಲೆ ಕೆದಕಿದ ಮರಳಿನಿಂದ ಹೊರಬಿದ್ದ ಹುಳು, ಮರಳೇಡಿಗಳು ಅಲ್ಲಿ ಸೇರುತ್ತವೆ, ಅವುಗಳ ಬೆನ್ನಿಗೇ ಮೀನು. ದೂರ ಎಸೆದಷ್ಟೂ ಒಳ್ಳೆಯದೆಂದು ಹೊಸಬರು ಬಲವೆಲ್ಲ ಹಾಕಿ ಬೀಸುತ್ತಾರೆ. ಆಗ ಗಾಳದ ಎರೆ, ಮೀನಿರುವ ಜಾಗವನ್ನೇ ದಾಟಿ ಬೀಳುತ್ತದೆ. ನುರಿತವರು ಇಳಿತದ ಹೊತ್ತಿಗೆ ಬಂದು ತಗ್ಗು ಎಲ್ಲೆಲ್ಲಿದೆ ಎಂದು ನೋಡಿಟ್ಟುಕೊಂಡು, ಭರತ ಏರತೊಡಗಿದ ಮೇಲೆ ಗಾಳ ಹಾಕುತ್ತಾರೆ. ಈ ಕಸುಬಿನ ನಿಜವಾದ ಜಾಣ್ಮೆ ಇರುವುದು ಈ ನೋಟದಲ್ಲಿ.

ತಗ್ಗಿನ ಮೀನುಗಳಲ್ಲಿ ಕರಾವಳಿಯವರಿಗೆ ಅಚ್ಚುಮೆಚ್ಚು ಕಾಣೆ. ಕಾರವಾರದ ಕೊಂಕಣಿಯಲ್ಲಿ ನೊಗ್ಲಿ, ವಿಜ್ಞಾನಿಗಳಿಗೆ ಸಿಲ್ಲಾಗೊ ಸಿಹಾಮ. ಬೆಂಗಳೂರಿನ ಕರಾವಳಿ ಹೋಟೆಲುಗಳಲ್ಲಿ ರವೆ ಹಚ್ಚಿ ಹುರಿದು ಬಡಿಸುವುದು ಇದನ್ನೇ. ನೀಳ ಮೈ, ಚೂಪು ಮೂತಿ, ಪುಟ್ಟ ಬಾಯಿ. ಬಲೆ ಹತ್ತಿರ ಬಂತೆಂದರೆ ಕಾಣೆ ಮರಳಿನೊಳಗೆ ಹುದುಗಿಬಿಡುತ್ತದೆ, ಬಲೆ ಮೇಲಿಂದ ಸರಿದುಹೋಗುತ್ತದೆ. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಂಗುಡೆ, ಬೂತಾಯಿಗಳ ಹಿಂಡಿಗೆ ಹೇಳಿದ ಬಲೆ. 1970ರ ದಶಕದಲ್ಲಿ, ಕಡಲಿನಲ್ಲೇ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಮೂಲೆಗೆ ಬಿತ್ತು, ಚಿಕ್ಕದಾದ ಕೈರಂಪಣಿ ಮಾತ್ರ ಉಳಿದಿದೆ. ಒಂಟಿಯಾಗಿ ನಿಂತು ಕಾಣೆ ಹಿಡಿಯಲು ಗಾಳವೇ ಸರಿ.

ಬಾಯಿ ಪುಟ್ಟದಾದ್ದರಿಂದ ಗಾಳವೂ ಸಣ್ಣದು, ಎರೆಗೆ ಸಿಗಡಿಯ ಚೂರು ಸಾಕು. ಸೀಸದ ಗುಂಡು ಅಲೆಗೆ ಕೊಚ್ಚಿಹೋಗದಷ್ಟು ಭಾರವಿರಬೇಕು. ತಂಗೂಸಿ ದಾರವನ್ನು ತೋರುಬೆರಳಿಗೆ ತಾಗಿಸಿ ಹಿಡಿದರೆ ಅಲೆಯ ಎಳೆತ ನಿಧಾನವಾಗಿ, ಒಂದೇ ಹದದಲ್ಲಿ ತಿಳಿಯುತ್ತದೆ; ಕಾಣೆ ಕಚ್ಚಿದಾಗ ಟಕ್ ಟಕ್ ಎಂದು ಬೆರಳು ಅದುರುತ್ತದೆ. ಮೀನನ್ನು ಮುಂದೆ ಬರುವ ಅಲೆಯ ಜೊತೆಗೇ ಎಳೆದುಕೊಳ್ಳಬೇಕು. ಹಿಂದೆ ಸರಿಯುವ ನೀರಿಗೆ ಎದುರಾಗಿ ಜಗ್ಗಿದರೆ ತುಟಿ ಹರಿದು ತಪ್ಪಿಸಿಕೊಳ್ಳುತ್ತದೆ. ತೀರ ಎಳೆಯ ಮೀನನ್ನು ನೀರಿಗೇ ಬಿಡುವುದು ಒಳ್ಳೆಯದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುತ್ತದೆ. ದಡದ ಗಾಳಕ್ಕೂ ಆಗ ಬಿಡುವು ಕೊಡುವುದೇ ಕ್ಷೇಮ. ಮಳೆಗಾಲದ ಅಲೆ ಮೊಣಕಾಲು ನೀರಿನಲ್ಲಿ ನಿಂತವರನ್ನೂ ಸೆಳೆದೊಯ್ಯುತ್ತದೆ. ಉಳಿದ ತಿಂಗಳುಗಳಲ್ಲೂ ನೀರಿಗಿಳಿದವರು ಹೆಜ್ಜೆ ಎತ್ತಿಡದೆ ಕಾಲನ್ನು ಮರಳಲ್ಲಿ ಸವರುತ್ತ ನಡೆಯಬೇಕು. ಮರಳಡಿ ಮಲಗಿದ ತೊರಕೆ ಮೀನನ್ನು ತುಳಿದರೆ ಅದು ಬಾಲದ ವಿಷಮುಳ್ಳಿನಿಂದ ಚುಚ್ಚುತ್ತದೆ. ಸವರುತ್ತ ಬಂದ ಕಾಲು ತಾಗಿದರೆ ಸಾಕು, ಅದು ತಾನಾಗಿ ದೂರ ಸರಿಯುತ್ತದೆ.