ಪರದೇಶಿಗೊಂದು ನಮಸ್ಕಾರ

ಫ್ರಾನ್ಸಿನ ಲಿಯೋನ್ ನಗರಕ್ಕೆ ಓದಲು ಹೋದ ಮೊದಲ ವಾರ, ನಾವು ಬೇಕರಿಯಲ್ಲಿ ನೇರವಾಗಿ ಬ್ರೆಡ್ ಕೇಳಿದೆವು. ಅಂಗಡಿಯಾಕೆಯ ಮುಖ ಬಿಗಿಯಿತು. ಅಲ್ಲಿ ಮೊದಲು 'ಬೋಂಜೂರ್' ಎಂದು ವಂದಿಸಬೇಕು, ಬ್ರೆಡ್ಡಿನ ಮಾತು ಆಮೇಲೆ!

ಭಾನುವಾರ ಇನ್ನೂ ಕಷ್ಟ. ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಪರದೇಶಿಗೆ ಮಾತಾಡಲು ಯಾರೂ ಇಲ್ಲ. ಅಂಥ ಒಂದು ಭಾನುವಾರ ಪೂಜೆ ಮುಗಿಸಿ, ಗುಡ್ಡ ಹತ್ತುವ ಪುಟ್ಟ ರೈಲಿನಲ್ಲಿ ಫೂರ್ವಿಯೇರ್ ಮಾತೆಯ ಮಹಾದೇವಾಲಯಕ್ಕೆ ಹೋದೆವು. ಕೆಳಗೆ ಸೋನ್ ನದಿ. ಎದುರಿನ ಕ್ರುವಾ ರೂಸ್ ಗುಡ್ಡದ ಇಳಿಜಾರಿನಲ್ಲಿ ಹಳೆಯ ರೋಮನ್ ಕ್ರೀಡಾಂಗಣ.

ಕ್ರಿ.ಶ. 177ರಲ್ಲಿ ಈ ಊರಿನ ಕ್ರೈಸ್ತರು ರಕ್ತಸಾಕ್ಷಿಗಳಾದರು. ದಾಸಿ ಬ್ಲಾಂಡಿನಾಳ ಜೊತೆ ಫ್ರಿಜಿಯದ ವೈದ್ಯ ಅಲೆಕ್ಸಾಂಡರನೂ ಇದ್ದ. ಬಳಿಕ ಧರ್ಮಾಧ್ಯಕ್ಷರಾದ ಸಂತ ಇರೇನಿಯಸರು ಸ್ಮುರ್ನದ ಕಡೆಯವರು. ಇಬ್ಬರೂ ಇಂದಿನ ಟರ್ಕಿಯ ನಾಡಿನಿಂದ ಬಂದ ಪರದೇಶಿಗಳೇ! ನಮಗೆ ಧೈರ್ಯ ಬಂತು.

ಮುಂದಿನ ಭಾನುವಾರ ದೇವಾಲಯದ ಬಾಗಿಲಲ್ಲಿ ಅಜ್ಜಿಯೊಬ್ಬರು ತಾವೇ ಮೊದಲು 'ಬೋಂಜೂರ್' ಎಂದು, ಊಟಕ್ಕೂ ಕರೆದರು. ಆ ಊಟ ಇಂದಿಗೂ ಮರೆತಿಲ್ಲ.

ಪ್ರಿಯರೇ, ನಮ್ಮ ಧರ್ಮಕೇಂದ್ರಗಳಿಗೂ ಕೂಲಿ ಅರಸಿ ಬೇರೆ ಭಾಷೆಯವರು ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಾರೆ. ಈ ಭಾನುವಾರ ನಾವೇ ಮೊದಲು ನಮಸ್ಕಾರ ಹೇಳೋಣವೇ?