ಒಂದು ಗ್ರಾಂ ಪುಡಿಯಲ್ಲಿ ಹತ್ತು ಗುಂಟೆ

ಗಜಕರ್ಣಕ್ಕೆ ಚರ್ಮವೈದ್ಯರು ಬರೆದುಕೊಡುವ ಇಟ್ರಕೊನಜೋಲ್ ಕ್ಯಾಪ್ಸೂಲಿನಲ್ಲಿ ಇರುವ ಔಷಧಿ 100 ಮಿಲಿಗ್ರಾಂ. ಅದು ರಕ್ತ ಸೇರಬೇಕಾದರೆ ಮೊದಲು ಕರಗಬೇಕು. ಹೊಟ್ಟೆಯ ಆಮ್ಲದಲ್ಲಿ ಲೀಟರಿಗೆ ಕರಗುವುದು ಸುಮಾರು 4 ಮಿಲಿಗ್ರಾಂ. ಅಂದರೆ ಒಂದು ಕ್ಯಾಪ್ಸೂಲಿಗೆ 25 ಲೀಟರ್ ಬೇಕು. ಆಮ್ಲವಿಲ್ಲದ ಬರೀ ನೀರಿನಲ್ಲಾದರೆ ಲೀಟರಿಗೆ ಮಿಲಿಗ್ರಾಮಿನ ಸಾವಿರದ ಒಂದು ಪಾಲು ಕರಗೀತು. ಲೆಕ್ಕ ಹಾಕಿ: 1 ಲಕ್ಷ ಲೀಟರ್! ಬೇಸಿಗೆಯಲ್ಲಿ ಬೆಂಗಳೂರಿನ ಬೀದಿಗಳಿಗೆ ಬರುವ 12,000 ಲೀಟರಿನ ಟ್ಯಾಂಕರು ಎಂಟು ಬಂದರೂ ಸಾಲದು. ನಾವು ಮಾತ್ರೆಯೊಂದಿಗೆ ಕುಡಿಯುವುದು ಒಂದು ಲೋಟ.

ಅಣುಗಳು ಹರಳುಗಟ್ಟಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದೇ ಇಂಥ ಎಷ್ಟೋ ಔಷಧಿಗಳ ರೋಗ. ಮದ್ದು ಸಿಕ್ಕಿದ್ದು ಪೆಟ್ರೋಲಿಯಂ ಕಂಪನಿಯಲ್ಲಿ. 1992ರಲ್ಲಿ ಅಮೆರಿಕದ ಮೊಬಿಲ್ ಕಂಪನಿಯ ವಿಜ್ಞಾನಿಗಳು, ಸಾಬೂನಿನಂಥ ಅಣುಗಳ ಗುಂಪಿನ ಸುತ್ತ ಸಿಲಿಕ ಕಟ್ಟಿಸಿ, ಆಮೇಲೆ ಆ ಅಣುಗಳನ್ನು ಸುಟ್ಟುಹಾಕಿದ ವಿಧಾನವನ್ನು ಪ್ರಕಟಿಸಿದರು. ಉಳಿದದ್ದು ಬಿಳಿ ಪುಡಿ, ಅದರ ತುಂಬ ಒಂದೇ ಅಳತೆಯ ನಾಳಗಳು. ಹೆಸರು ಎಂಸಿಎಂ-41. ನಾಳದ ಅಗಲ ಸುಮಾರು 3 ನ್ಯಾನೊಮೀಟರ್. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಮೂರು.

ಇಂಥ ಒಂದು ಗ್ರಾಂ ಪುಡಿಯ ಒಳಮೈಯೆಲ್ಲ ಸೇರಿದರೆ ಸುಮಾರು 1,000 ಚದರ ಮೀಟರ್. ಹೆಚ್ಚೂಕಡಿಮೆ ಹತ್ತು ಗುಂಟೆ, ಕಾಲು ಎಕರೆ. ನಾಳಗಳನ್ನೆಲ್ಲ ಒಂದರ ತುದಿಗೊಂದು ಜೋಡಿಸಿದರೆ ಉದ್ದ 10 ಕೋಟಿ ಕಿಲೋಮೀಟರ್ ದಾಟುತ್ತದೆ. ನಂಬಿಕೆಯಾಗದೆ ನಾನು ಸೊನ್ನೆಗಳನ್ನು ಮತ್ತೆ ಎಣಿಸಿದೆ, ಸರಿಯಾಗಿಯೇ ಇವೆ. ನಮ್ಮ ಜೀರ್ಣನಾಳದ ಒಳಮೈ ಟೆನಿಸ್ ಅಂಗಳದಷ್ಟು ಎಂದು ಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಅಳೆದು, ಸುಮಾರು 32 ಚದರ ಮೀಟರ್ ಅಷ್ಟೆ ಎಂದರು. ಅದಕ್ಕೆ ಸರಿಗಟ್ಟಲು ಈ ಪುಡಿ 32 ಮಿಲಿಗ್ರಾಂ ಸಾಕು.

2001ರಲ್ಲಿ ಸ್ಪೇನಿನ ಮರಿಯಾ ವಲ್ಲೆಟ್-ರೆಗಿ ತಂಡ ಈ ನಾಳಗಳೊಳಗೆ ಐಬುಪ್ರೊಫೇನ್ ತುಂಬಿತು. ಔಷಧಿಯನ್ನು ಅದಕ್ಕೊಗ್ಗುವ ದ್ರಾವಕದಲ್ಲಿ ಕರಗಿಸಿ, ಪುಡಿಗೆ ಹೀರಿಸಿ, ಒಣಗಿಸುವುದು, ಕೆಲಸ ಇಷ್ಟೇ. ಔಷಧಿಯ ಅಣುವೊಂದು ಸುಮಾರು ಒಂದು ನ್ಯಾನೊಮೀಟರ್. ಮೂರು ನ್ಯಾನೊಮೀಟರಿನ ಓಣಿಯಲ್ಲಿ ಎರಡು ಮೂರು ಅಣು ಪಕ್ಕಪಕ್ಕ ನಿಂತಾವು, ಹರಳು ಕಟ್ಟಲು ಜಾಗವೆಲ್ಲಿ? ಸಿಲಿಕದ ಗೋಡೆಗೆ ನೀರೆಂದರೆ ಬಲು ಇಷ್ಟ. ನೀರು ಒಳನುಗ್ಗಿ ಗೋಡೆಗಂಟುತ್ತದೆ, ಔಷಧಿ ಬಿಡಿಬಿಡಿಯಾಗಿ ಹೊರಬೀಳುತ್ತದೆ. ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದವರು ಹೀಗೆ ತುಂಬಿದ ಇಟ್ರಕೊನಜೋಲನ್ನು ಮೊಲ, ನಾಯಿಗಳಿಗೆ ಕೊಟ್ಟಾಗ, ಹರಳಿನ ರೂಪದಲ್ಲಿ ಕೊಟ್ಟದ್ದಕ್ಕಿಂತ ಬಹಳ ಹೆಚ್ಚು ಔಷಧಿ ರಕ್ತ ಸೇರಿತು.

ಹೊರಬಿದ್ದ ಅಣುಗಳು ಕರುಳಿನಲ್ಲಿ ಮತ್ತೆ ಒಟ್ಟುಗೂಡಿ ಹರಳಾಗಬಹುದು. ಅದನ್ನು ತಡೆಯಲು ಪಾಲಿಮರ್ ಬೆರೆಸುತ್ತಾರೆ. ನಿಜವಾದ ತೊಡಕು ತೂಕದ್ದು. ತುಂಬಿದ ಪುಡಿಯಲ್ಲಿ ಸಾಮಾನ್ಯವಾಗಿ ಕಾಲು ಪಾಲಷ್ಟೇ ಔಷಧಿ. 100 ಮಿಲಿಗ್ರಾಮಿಗೆ 300 ಮಿಲಿಗ್ರಾಂ ಸಿಲಿಕ ನುಂಗಬೇಕು, ಅದು ಹೇಗೋ ನಡೆದೀತು. 500 ಮಿಲಿಗ್ರಾಮಿನ ಔಷಧಿಯಾದರೆ ಒಂದೂವರೆ ಗ್ರಾಂ. ಅಷ್ಟರೊಳಗಿನ ನಾಳ ಸೂರ್ಯನನ್ನು ಮುಟ್ಟುತ್ತದೆ, ಗಂಟಲಲ್ಲಿ ಮಾತ್ರ ಇಳಿಯುವುದಿಲ್ಲ.